ದುಡ್ಡು ಈಗಲೇ ಬೇಕಾ, ನಿವೃತ್ತಿಗೆ ಇರಲಾ? ಸಂಬಳದ ಸೆಕ್ಷನ್‌ನವಳ ಲೆಕ್ಕ

27 ವರ್ಷ ನಾನು ಸಂಬಳದ ಸೆಕ್ಷನ್‌ನಲ್ಲಿ ಕೂತಿದ್ದೆ. ಕೆಲಸ ಬಿಡುವವರೆಲ್ಲ ಕೊನೆಗೆ ನನ್ನ ಟೇಬಲ್ಲಿಗೇ ಬರಬೇಕಿತ್ತು. ನಾನು ಅವರ ಮುಂದೆ ಇಡುತ್ತಿದ್ದ ಫಾರಂನಲ್ಲಿ ಎರಡು ಚೌಕ. ಒಂದರ ಪಕ್ಕ ‘ನಿವೃತ್ತಿ ಹಣ ಪೂರ್ತಿ ಈಗಲೇ ಕೊಡಿ’, ಇನ್ನೊಂದರ ಪಕ್ಕ ‘ಹೊಸ ಖಾತೆಗೆ ವರ್ಗಾಯಿಸಿ’. ಹೆಚ್ಚಿನವರು ಅಲ್ಲಿ ಟಿಕ್ ಹಾಕಲು ಒಂದು ನಿಮಿಷವೂ ತೆಗೆದುಕೊಳ್ಳುತ್ತಿರಲಿಲ್ಲ. ಹೆಸರಿನ ಸ್ಪೆಲಿಂಗ್ ಸರಿಯಾಗಿದೆಯಾ, ಸಹಿ ಎಲ್ಲಿ ಹಾಕಬೇಕು, ಇದಕ್ಕೆಲ್ಲ ಕಾಲು ಗಂಟೆ. ಆಮೇಲೆ ಒಂದೇ ಪ್ರಶ್ನೆ: “ಮೇಡಂ, ಅಕೌಂಟಿಗೆ ಯಾವತ್ತು ಬೀಳುತ್ತೆ?”

ನಾನೇನೂ ಜಾಣೆಯಾಗಿರಲಿಲ್ಲ ಬಿಡಿ. 31ನೇ ವಯಸ್ಸಿನಲ್ಲಿ ಹಳೆಯ ಕೆಲಸ ಬಿಟ್ಟು ಈ ಕೆಲಸಕ್ಕೆ ಬರುವಾಗ ನಾನೂ ಮೊದಲ ಚೌಕಕ್ಕೇ ಟಿಕ್ ಹಾಕಿದ್ದೆ. ಆ ದುಡ್ಡಿನಲ್ಲಿ ಸೋಫಾ ಸೆಟ್ ಬಂತು. ಮೆರೂನ್ ಬಣ್ಣ, ಮೂವರು ಕೂರುವಂಥದ್ದು ಒಂದು, ಒಬ್ಬೊಬ್ಬರು ಕೂರುವಂಥವು ಎರಡು. ಆರು ವರ್ಷಕ್ಕೆ ಸ್ಪ್ರಿಂಗ್ ಮೇಲೆದ್ದು ಚುಚ್ಚಲು ಶುರುವಾಯಿತು. ಏಳನೇ ವರ್ಷ ಯಾರಿಗೋ ಸುಮ್ನೆ ಕೊಟ್ಟೆವು.

ಆ ಸೋಫಾದಿಂದಲೇ ಲೆಕ್ಕ ಹೇಳಿಕೊಡುತ್ತೇನೆ. ಕ್ಯಾಲ್ಕುಲೇಟರ್ ಕೂಡ ಬೇಡ.

72 ಅನ್ನು ಬಡ್ಡಿಯ ದರದಿಂದ ಭಾಗಿಸಿ. ಬಂದ ಉತ್ತರವೇ ಹಣ ಎರಡರಷ್ಟಾಗಲು ಬೇಕಾದ ವರ್ಷ, ಹೆಚ್ಚುಕಮ್ಮಿ. ವರ್ಷಕ್ಕೆ 8% ಬರುತ್ತದೆ ಎಂದರೆ 9 ವರ್ಷ. 31ಕ್ಕೆ ಖಾತೆಯಲ್ಲೇ ಬಿಟ್ಟ ಹಣ 40ಕ್ಕೆ ಎರಡರಷ್ಟು, 49ಕ್ಕೆ ನಾಲ್ಕರಷ್ಟು, 58ಕ್ಕೆ ಎಂಟರಷ್ಟು. ನಾನು ಒಂದು ಸೋಫಾ ಕೊಂಡೆ, ಎಂಟು ಸೋಫಾದ ಹಣ ಕಳೆದುಕೊಂಡೆ. ಕಡೆಯ 9 ವರ್ಷ ಒಂದರಲ್ಲೇ ನಾಲ್ಕು ಸೋಫಾ ಬರುತ್ತಿತ್ತು, ಮೊದಲ 9 ವರ್ಷದಲ್ಲಿ ಬರೀ ಒಂದು. ಚಿಕ್ಕ ವಯಸ್ಸಿನಲ್ಲಿ ತೆಗೆದ ಹಣ ಜಾಸ್ತಿ ದುಬಾರಿ ಎನ್ನುವುದು ಇದಕ್ಕೇ.

ಉಳಿತಾಯ ಮಾಡಿ ಎಂದು ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಅರ್ಧ ಲೆಕ್ಕ. ಅಷ್ಟು ವರ್ಷದಲ್ಲಿ ಸೋಫಾದ ಬೆಲೆಯೂ ಏರಿರುತ್ತದೆ, ಅಲ್ವಾ? ಬೆಲೆಗಳು ವರ್ಷಕ್ಕೆ 5% ಏರಿದರೆ 27 ವರ್ಷದಲ್ಲಿ ಸುಮಾರು 3.7 ಪಟ್ಟು ಆಗುತ್ತವೆ. ಎಂಟನ್ನು 3.7ರಿಂದ ಭಾಗಿಸಿದರೆ ಎರಡಕ್ಕಿಂತ ಚೂರು ಜಾಸ್ತಿ. ಅಂದರೆ ನಾನು ನಿಜವಾಗಿ ಕಳೆದುಕೊಂಡದ್ದು ಎಂಟು ಸೋಫಾ ಅಲ್ಲ, ಎರಡು. ಮೊದಲ ಸಲ ಈ ಲೆಕ್ಕ ಮಾಡಿದಾಗ ನನಗೆ ಸ್ವಲ್ಪ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಇಷ್ಟು ದೊಡ್ಡ ಸಂಖ್ಯೆ ತೋರಿಸಿ ಎಷ್ಟು ಜನರನ್ನು ಹೆದರಿಸಿದ್ದೆನೋ!

ಹಾಗಾಗಿ ಮೊದಲು ಮಾಡಬೇಕಾದದ್ದು ಇದು. ನಿಮ್ಮ ನಿವೃತ್ತಿ ಖಾತೆಗೆ ಸಿಗುವ ಬಡ್ಡಿಯಿಂದ ಬೆಲೆ ಏರಿಕೆಯನ್ನು ಕಳೆಯಿರಿ. ಉಳಿದದ್ದೇ ನಿಜವಾದ ಬೆಳವಣಿಗೆ. 8ರಲ್ಲಿ 5 ಹೋದರೆ 3. ಕಳೆದ ಮೇಲೆ ಸೊನ್ನೆಯೋ ಅದಕ್ಕಿಂತ ಕಮ್ಮಿಯೋ ಬಂದರೆ ಆ ಖಾತೆಯ ಹಣ ಕೂತಲ್ಲೇ ಸವೆಯುತ್ತಿದೆ. ಆಗ ಕೇಳಬೇಕಾದ ಪ್ರಶ್ನೆ ‘ಈಗಲೋ ಆಮೇಲೋ’ ಎಂದಲ್ಲ, ‘ಇದನ್ನು ಎಲ್ಲಿ ಇಡಬೇಕು’ ಎಂದು.

ಎರಡನೆಯದು ಸಾಲ. ಇಲ್ಲಿ ನನ್ನ ಮಾತು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು: ದುಬಾರಿ ಸಾಲ ತಲೆಯ ಮೇಲಿದ್ದರೆ ಹಣ ಈಗ ತೆಗೆದುಕೊಂಡು ತೀರಿಸುವುದೇ ಸರಿ. ಅದೇ 72 ಇಲ್ಲೂ ನಡೆಯುತ್ತದೆ. ತಿಂಗಳಿಗೆ 3% ಬಡ್ಡಿಯ ಕಾರ್ಡ್ ಸಾಲ ಕಟ್ಟದೆ ಬಿಟ್ಟರೆ 24 ತಿಂಗಳಲ್ಲಿ ಎರಡರಷ್ಟು. ಅತ್ತ ನಿಮ್ಮ ಉಳಿತಾಯ ಎರಡರಷ್ಟಾಗಲು 9 ವರ್ಷ. ಆಮೆಯನ್ನು ಕುದುರೆಯ ಜೊತೆ ಓಡಿಸಿದ ಹಾಗೆ.

ನನ್ನ ಸೆಕ್ಷನ್‌ನಲ್ಲೇ ಒಬ್ಬರಿದ್ದರು. ಬಹಳ ಶಿಸ್ತು. ನಿವೃತ್ತಿ ಖಾತೆಗೆ ಕಡ್ಡಾಯಕ್ಕಿಂತ ಜಾಸ್ತಿ ಕಡಿತ ಮಾಡಿಸುತ್ತಿದ್ದರು. ಪ್ರತಿ ತಿಂಗಳು 22ನೇ ತಾರೀಖಿನ ಹೊತ್ತಿಗೆ ಕೈಸಾಲ, ಅದೂ ತಿಂಗಳಿಗೆ 2% ಬಡ್ಡಿಗೆ. ಒಂದು ಕೈಯಲ್ಲಿ ವರ್ಷಕ್ಕೆ 8% ಗಳಿಸಿ ಇನ್ನೊಂದು ಕೈಯಲ್ಲಿ 24% ಕೊಡುತ್ತಿದ್ದರು. ನಾಲ್ಕು ವರ್ಷ ಇದು ನಡೆಯಿತು. ಕಡಿತದ ಚೀಟಿ ಮಾಡುತ್ತಿದ್ದವಳು ನಾನೇ. ಆದರೂ ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಒಂದು ದಿನ ಕೇಳಿದೆ. “ಉಳಿತಾಯ ಮುಟ್ಟಬಾರದು ಅಂತ ನಮ್ಮಪ್ಪ ಹೇಳಿದ್ದರು” ಎಂದರು. ಸರಿ, ಹೆಚ್ಚುವರಿ ಕಡಿತ ನಿಲ್ಲಿಸಿದೆವು. ಎಂಟು ತಿಂಗಳಲ್ಲಿ ಕೈಸಾಲ ಮುಗಿಯಿತು. ಆಮೇಲೆ ಕಡಿತ ಮತ್ತೆ ಶುರು.

ಕಡಿಮೆ ಬಡ್ಡಿಯ ಮನೆ ಸಾಲದ ಮಾತು ಬೇರೆ. ಅದರ ಬಡ್ಡಿ ನಿಮ್ಮ ಖಾತೆಗೆ ಸಿಗುವುದರ ಆಸುಪಾಸಿನಲ್ಲಿದ್ದರೆ ನಿವೃತ್ತಿ ಹಣ ಮುಟ್ಟಬೇಡಿ.

ಕೈಯಲ್ಲಿ ತುರ್ತಿಗೆ ಏನೂ ಇಲ್ಲದವರು ಮೊದಲು ಮೂರು ತಿಂಗಳ ಖರ್ಚು ಬೇರೆ ಎತ್ತಿಡಿ. ಒಬ್ಬರ ಸಂಬಳದಲ್ಲೇ ಮನೆ ನಡೆಯುವುದಾದರೆ ಆರು ತಿಂಗಳದ್ದು. ಇದು ಇಲ್ಲದಿದ್ದರೆ ನಿವೃತ್ತಿ ಖಾತೆಯೇ ತುರ್ತು ಡಬ್ಬಿಯಾಗುತ್ತದೆ, ಪ್ರತಿ ಎರಡು ವರ್ಷಕ್ಕೊಮ್ಮೆ ಒಡೆಯುತ್ತದೆ.

ಇನ್ನು ಕಂಪನಿಯ ಪಾಲು. ನೀವು 100 ಹಾಕಿದರೆ ಕಂಪನಿಯೂ 100 ಹಾಕುತ್ತದೆ ಎಂದಾದರೆ ಆ ದಿನವೇ ನಿಮ್ಮ ಹಣ ಎರಡರಷ್ಟಾಯಿತು. ಯಾವ ಬಡ್ಡಿಯೂ ಅದಕ್ಕೆ ಸಾಟಿಯಲ್ಲ. ಕಂಪನಿ ಎಲ್ಲಿಯವರೆಗೆ ಜೊತೆ ಹಾಕುತ್ತದೋ ಅಲ್ಲಿಯವರೆಗೆ ಹಾಕಿ, ಅದರಾಚೆಗಿನ ಹಣದ ಬಗ್ಗೆ ಮಾತ್ರ ಮೇಲಿನ ಲೆಕ್ಕವೆಲ್ಲ ಮಾಡಿ. ಒಂದು ಎಚ್ಚರ. ಕೆಲವು ಕಡೆ ಕಂಪನಿಯ ಪಾಲು ನಿಮ್ಮದಾಗಲು ಇಷ್ಟು ವರ್ಷ ಸೇವೆ ತುಂಬಬೇಕು ಎಂಬ ಷರತ್ತು ಇರುತ್ತದೆ. ನಮ್ಮಲ್ಲಿ ಅದು ಐದು ವರ್ಷ. ಐದು ತುಂಬಲು 19 ದಿನ ಬಾಕಿ ಇರುವಾಗ ರಾಜೀನಾಮೆ ಕೊಟ್ಟ ಹುಡುಗನೊಬ್ಬನ ಕಾಗದ ನನ್ನ ಕೈಗೆ ಬಂತು. ಅಷ್ಟರಲ್ಲಿ ಮೇಲಿನವರ ಸಹಿ ಆಗಿಹೋಗಿತ್ತು. ರಾಜೀನಾಮೆ ಬರೆಯುವ ಮೊದಲು ಸೇರಿದ ತಾರೀಖು ನೋಡಿಕೊಳ್ಳಿ, ಅಷ್ಟೇ.

ತೆರಿಗೆ ಒಂದೊಂದು ದೇಶದಲ್ಲಿ ಒಂದೊಂದು ಥರ. ಅವಧಿಗೆ ಮುಂಚೆ ತೆಗೆದರೆ ಎಷ್ಟೋ ಕಡೆ ಕಡಿತ ಇರುತ್ತದೆ. ಹಾಗಾಗಿ ‘ಖಾತೆಯಲ್ಲಿ ಎಷ್ಟಿದೆ’ ಎಂದು ಕೇಳಬೇಡಿ, ‘ಕೈಗೆ ಎಷ್ಟು ಬರುತ್ತದೆ’ ಎಂದು ಕೇಳಿ.

ಕಷ್ಟದ ಆಯ್ಕೆ ಬರುವುದು ನಿವೃತ್ತಿಯ ದಿನ: ಇಡಿಗಂಟು ತೆಗೆದುಕೊಳ್ಳುವುದಾ, ತಿಂಗಳ ಪಿಂಚಣಿಯಾ? ಇಲ್ಲಿ ಜನ ತಪ್ಪುವುದು ದೊಡ್ಡ ಸಂಖ್ಯೆ ನೋಡಿ. 1990ರ ದಶಕದ ಆರಂಭದಲ್ಲಿ ಅಮೆರಿಕದ ಸೇನೆ ತನ್ನ ಬಲ ತಗ್ಗಿಸುವಾಗ ಬಿಡುವವರಿಗೆ ಇಂಥದ್ದೇ ಆಯ್ಕೆ ಕೊಟ್ಟಿತು. ಒಟ್ಟಿಗೆ ಒಂದು ಮೊತ್ತ, ಇಲ್ಲವೇ ಹಲವು ವರ್ಷ ವಾರ್ಷಿಕ ಕಂತು. ಇಡಿಗಂಟನ್ನು ವರ್ಷಕ್ಕೆ 17%ಕ್ಕಿಂತ ಜಾಸ್ತಿ ದುಡಿಸಿದರೆ ಮಾತ್ರ ಅದು ಕಂತಿಗಿಂತ ಲಾಭ. ಅಷ್ಟು ಯಾರು ದುಡಿಸುತ್ತಾರೆ? ಆದರೂ ಅಧಿಕಾರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ, ಅವರ ಕೆಳಗಿನ ಸೈನಿಕರಲ್ಲಿ 90%ಕ್ಕಿಂತ ಜಾಸ್ತಿ ಮಂದಿ ಇಡಿಗಂಟನ್ನೇ ಆರಿಸಿದರು. ವಾರ್ನರ್ ಮತ್ತು ಪ್ಲೀಟರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2001ರಲ್ಲಿ ಇದನ್ನು ಪ್ರಕಟಿಸಿದರು. ಓದಿದಾಗ ನನಗೆ ನನ್ನ ಟೇಬಲ್ ಮುಂದಿನ ಸಾಲು ಕಂಡಂತಾಯಿತು.

ನಿಮ್ಮ ಲೆಕ್ಕ ಹೀಗೆ ಮಾಡಿ. ಇಡಿಗಂಟು 10,000, ಪಿಂಚಣಿ ತಿಂಗಳಿಗೆ 70 ಎಂದುಕೊಳ್ಳಿ. ಸೊನ್ನೆಗಳನ್ನು ನಿಮಗೆ ಬೇಕಾದಷ್ಟು ಸೇರಿಸಿಕೊಳ್ಳಿ. ಪಿಂಚಣಿ ವರ್ಷಕ್ಕೆ 840 ಆಯಿತು. ಇಡಿಗಂಟನ್ನು 6% ಬಡ್ಡಿಗೆ ಇಟ್ಟರೆ ವರ್ಷಕ್ಕೆ 600. ಅದೇ 840 ಖರ್ಚು ಮಾಡಬೇಕೆಂದರೆ ಮೊದಲ ವರ್ಷವೇ ಅಸಲಿನಿಂದ 240 ತೆಗೆಯಬೇಕು. ಮರುವರ್ಷ ಬಡ್ಡಿ ಇನ್ನೂ ಕಮ್ಮಿ, ಅಸಲಿಗೆ ಇನ್ನೂ ಜಾಸ್ತಿ ಕೈ. ಹೀಗೆ ಹೋದರೆ 21 ವರ್ಷ ದಾಟಿ ಆರು ತಿಂಗಳಿಗೆ ಗಂಟು ಖಾಲಿ. 60ಕ್ಕೆ ಶುರು ಮಾಡಿದವರಿಗೆ ಆಗ 81. ನಿಮ್ಮ ಮನೆಯ ಹಿರಿಯರು 81 ದಾಟಿದ್ದಾರಾ? ದಾಟಿದ್ದರೆ, ನಿಮ್ಮ ಆರೋಗ್ಯವೂ ಚೆನ್ನಾಗಿದ್ದರೆ, ಪಿಂಚಣಿಯ ಕಡೆ ವಾಲಿ. ಈಗಾಗಲೇ ದೊಡ್ಡ ಕಾಯಿಲೆ ಇದ್ದರೆ ಇಡಿಗಂಟು ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಈ ಮಾತನ್ನು ಎದುರಿಗೆ ಹೇಳಲು ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಪಿಂಚಣಿ ಪತ್ರದಲ್ಲಿ ಎರಡು ವಿಷಯ ಹುಡುಕಿ. ಬೆಲೆ ಏರಿದಂತೆ ಪಿಂಚಣಿಯೂ ಏರುತ್ತದೆಯೇ? ಏರದಿದ್ದರೆ, 5% ಬೆಲೆ ಏರಿಕೆಯಲ್ಲಿ ಸುಮಾರು 14 ವರ್ಷಕ್ಕೆ ಅದರ ಬೆಲೆ ಅರ್ಧ. 60ಕ್ಕೆ ಬಂದ 70, 74ನೇ ವಯಸ್ಸಿನಲ್ಲಿ 35ರಷ್ಟೇ ಕೊಳ್ಳುತ್ತದೆ. ಎರಡನೆಯದು, ನೀವು ಹೋದ ಮೇಲೆ ಸಂಗಾತಿಗೆ ಎಷ್ಟು ಬರುತ್ತದೆ? ಪೂರ್ತಿಯಾ, ಅರ್ಧವಾ, ಏನೂ ಇಲ್ಲವಾ? ನಾನು ಅರ್ಧ ಇಡಿಗಂಟು, ಅರ್ಧ ಪಿಂಚಣಿ ತೆಗೆದುಕೊಂಡೆ. ಹಾಗೆ ಒಡೆಯಲು ಬಿಡುತ್ತಾರಾ ಎಂದು ಕೇಳಿ ನೋಡಿ. ಕೇಳದವರಿಗೆ ಯಾರೂ ಹೇಳುವುದಿಲ್ಲ. ನಾನೂ ಹೇಳುತ್ತಿರಲಿಲ್ಲ, ಸಾಲು ಉದ್ದ ಇರುತ್ತಿತ್ತು.

ಈಗಿನ ಸಂಬಳದಿಂದ ಏನೂ ಉಳಿಯುವುದಿಲ್ಲ ಎನ್ನುವವರಿಗೆ ಒಂದು ಉಪಾಯ. ಇವತ್ತಿನ ಸಂಬಳ ಮುಟ್ಟಬೇಡಿ. ಮುಂದಿನ ಇನ್‌ಕ್ರಿಮೆಂಟ್‌ನಲ್ಲಿ ಒಂದು ಪಾಲನ್ನು ಈಗಲೇ ಬರೆದುಕೊಡಿ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಒಂದು ಕಂಪನಿಯಲ್ಲಿ ಮಾಡಿ ನೋಡಿ 2004ರಲ್ಲಿ ವರದಿ ಬರೆದರು. ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ 3.5%ರಿಂದ 13.6%ಕ್ಕೆ ಏರಿತು. ಕೈಗೆ ಬರುವ ಸಂಬಳ ಯಾವತ್ತೂ ಇಳಿಯುವುದಿಲ್ಲವಾದ್ದರಿಂದ ನೋವು ಗೊತ್ತಾಗುವುದಿಲ್ಲ. ನಮ್ಮ ಸೆಕ್ಷನ್‌ನಲ್ಲಿ ಇನ್‌ಕ್ರಿಮೆಂಟ್ ಪತ್ರದ ಜೊತೆಗೇ ಕಡಿತದ ಫಾರಂ ಪಿನ್ ಮಾಡಿ ಕೊಡಲು ಶುರು ಮಾಡಿದೆ. ತುಂಬಿದವರು ಜಾಸ್ತಿ ಏನಿಲ್ಲ, ಹತ್ತರಲ್ಲಿ ಮೂವರು. ಮೊದಲು ಒಬ್ಬರೂ ಇರಲಿಲ್ಲ.

ಎರಡು ಚೌಕದ ಫಾರಂ ನಿಮ್ಮ ಮುಂದೆ ಬಂದ ದಿನ ಟಿಕ್ ಹಾಕಬೇಡಿ. ಮನೆಗೆ ಒಯ್ಯಿರಿ. ಅದರ ಹಿಂದೆ ಪೆನ್ಸಿಲ್‌ನಲ್ಲಿ ಬರೆಯಿರಿ: ಕೈಗೆ ಬರುವುದು ಎಷ್ಟು, ನನ್ನ ಅತಿ ದುಬಾರಿ ಸಾಲದ ಬಡ್ಡಿ ಎಷ್ಟು, ನಿವೃತ್ತಿಗೆ ಇನ್ನೆಷ್ಟು ವರ್ಷ, ಈ ಹಣದಲ್ಲಿ ಏನು ಕೊಳ್ಳುತ್ತೇನೆ. ಕೊನೆಯದಕ್ಕೆ ‘ನೋಡೋಣ’ ಎಂದು ಬರೆದರೆ ಎರಡನೇ ಚೌಕಕ್ಕೆ ಟಿಕ್ ಹಾಕಿ.

ಹಣವನ್ನು ಖಾತೆಯಲ್ಲೇ ಬಿಡುವುದು ಎಂದು ತೀರ್ಮಾನವಾದರೆ ಇನ್ನೊಂದು ಕೆಲಸ ಉಳಿಯಿತು: ನಾಮಿನಿ. ಮದುವೆಗೆ ಮುಂಚೆ ಬರೆದುಕೊಟ್ಟ ಹೆಸರನ್ನು ಬದಲಿಸದೆ ಸತ್ತುಹೋದವರೊಬ್ಬರ ಹೆಂಡತಿ ನನ್ನ ಟೇಬಲ್ಲಿಗೆ 11 ಸಲ ಬಂದರು. ನಾಮಿನಿಯಾಗಿದ್ದ ತಂದೆ ಆಗಲೇ ತೀರಿಕೊಂಡಿದ್ದರು. ಪ್ರತಿ ಸಲವೂ ಒಂದು ಕಾಗದ ಕಮ್ಮಿ. ಖಾತೆ ಸಂಖ್ಯೆ, ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ, ನಾಮಿನಿ ಹೆಸರು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟು, ಅದು ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ನನ್ನದು ಕಪಾಟಿನ ಎರಡನೇ ಖಾನೆಯಲ್ಲಿ, ಸೋಫಾದ ಹಳೆಯ ಬಿಲ್ಲಿನ ಜೊತೆಯಲ್ಲಿದೆ.