ಡಚ್ಚರ ಹಾಗೆ ಸರಕಾರ ಕಟ್ಟಿ ನೋಡುವುದು: ಮೂರು ತಾಸಿನ ಆಟ

2019ರಲ್ಲಿ ಮಹಾರಾಷ್ಟ್ರದ 288 ಸ್ಥಾನಗಳ ಪೈಕಿ ಬಿಜೆಪಿಗೆ 105, ಶಿವಸೇನೆಗೆ 56. ಬಹುಮತಕ್ಕೆ 145 ಸಾಕಿತ್ತು. ಲೆಕ್ಕ ಕೂಡಿಬಂದರೂ ಮುಖ್ಯಮಂತ್ರಿ ಕುರ್ಚಿಯ ಜಗಳದಲ್ಲಿ ಮೈತ್ರಿ ಮುರಿಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಒಪ್ಪಂದದ ಕಾಗದ, ಆಮೇಲೆ ಕುರ್ಚಿ. ಆ ಕ್ರಮ ಕಾಯುವವರು ಮಧ್ಯಸ್ಥರು. ಮಾಟುಂಗ, ಪುಣೆ ಕಡೆಯ ಕನ್ನಡ ಸಂಘಗಳ ಯುವಕರು ಒಂದು ಭಾನುವಾರ ಮಧ್ಯಾಹ್ನ ಇದನ್ನು ಆಡಿ ನೋಡಬಹುದು.

ಹದಿನೆಂಟು ಮಂದಿ ಬೇಕು. ಡಚ್ ಕೆಳಮನೆಯ 2017ರ ಚುನಾವಣೆಯ ಫಲಿತಾಂಶ ತೆಗೆದುಕೊಳ್ಳಿ: ವಿವಿಡಿ (ಬಲಕ್ಕೆ ವಾಲಿದ ಉದಾರವಾದಿಗಳು) 33, ಪಿವಿವಿ (ವಲಸೆ ವಿರೋಧಿಗಳು) 20, ಸಿಡಿಎ (ಕ್ರಿಶ್ಚಿಯನ್ ಡೆಮಾಕ್ರಟರು) 19, ಡಿ66 (ನಡುಪಂಥದ ಉದಾರವಾದಿಗಳು) 19, ಹಸಿರು ಎಡಪಕ್ಷ 14, ಸಮಾಜವಾದಿಗಳು 14, ಕ್ರಿಶ್ಚಿಯನ್ ಯೂನಿಯನ್ 5. ಪಕ್ಷಕ್ಕೆ ಇಬ್ಬರು ಕೂರಲಿ. ಉಳಿದ 26 ಸ್ಥಾನ ಆಟದಿಂದ ಹೊರಗೆ. ಒಟ್ಟು 150, ಬಹುಮತ 76. ಇನ್ನುಳಿದ ನಾಲ್ವರಲ್ಲಿ ಒಬ್ಬರು ಸ್ಪೀಕರ್, ಮೂವರು ಮಧ್ಯಸ್ಥರು: ಪಕ್ಷಗಳ ಮನಸ್ಸು ಅರಿಯುವ ಫೆರ್ಕೆನರ್, ಒಪ್ಪಂದ ಕಟ್ಟಿಸುವ ಇನ್‌ಫಾರ್ಮಾಟೂರ್, ಮಂತ್ರಿಮಂಡಲ ಕಟ್ಟುವ ಫಾರ್ಮಾಟೂರ್.

ಮೊದಲ ಅರ್ಧ ತಾಸು ಫೆರ್ಕೆನರ್‌ನದು. ಪ್ರತಿ ಪಕ್ಷವನ್ನೂ ಬೇರೆಬೇರೆಯಾಗಿ ಕರೆದು ಎರಡೇ ಪ್ರಶ್ನೆ: ಯಾರ ಜೊತೆ ಕೂರುತ್ತೀರಿ, ಯಾರ ಜೊತೆ ಖಂಡಿತ ಇಲ್ಲ? ಚೌಕಾಸಿ ಇವರ ಕೆಲಸವಲ್ಲ. ಟಿಪ್ಪಣಿಯನ್ನು ಮುಚ್ಚಿದ ಫೈಲಿನಲ್ಲೇ ಇಡಲಿ. 2021ರ ಮಾರ್ಚ್‌ನಲ್ಲಿ ಕೋವಿಡ್ ಪಾಸಿಟಿವ್ ಎಂದು ಗೊತ್ತಾಗಿ, ಆಗಿನ ಇಬ್ಬರು ಫೆರ್ಕೆನರ್‌ಗಳಲ್ಲಿ ಒಬ್ಬರಾದ ಕಾಯ್ಸಾ ಒಲ್ಲೋಂಗ್ರೆನ್ ಅವಸರದಲ್ಲಿ ಹೊರಬಂದಾಗ ಕಂಕುಳಲ್ಲಿದ್ದ ಹಾಳೆ ಕ್ಯಾಮೆರಾಕ್ಕೆ ಸಿಕ್ಕಿತು. ಸರಕಾರವನ್ನು ಟೀಕಿಸುತ್ತಿದ್ದ ಸಂಸದ ಪೀಟರ್ ಓಮ್ಟ್‌ಸಿಖ್ಟ್‌ಗೆ ‘ಬೇರೆಡೆ ಹುದ್ದೆ’ ಎಂದು ಅದರಲ್ಲಿತ್ತು. ಇಬ್ಬರು ಫೆರ್ಕೆನರ್‌ಗಳೂ ಕೆಳಗಿಳಿದರು.

ಮುಂದಿನ ಕಾಲು ತಾಸು ಸದನಕ್ಕೆ. ಇನ್‌ಫಾರ್ಮಾಟೂರ್ ಯಾರು, ಯಾವ ಪಕ್ಷಗಳ ನಡುವೆ ಮಾತುಕತೆ ಎಂದು ಒಂದೇ ವಾಕ್ಯದಲ್ಲಿ ಬರೆದು ಮತಕ್ಕೆ ಹಾಕಿ. 2012ರ ಮುಂಚೆ ಈ ನೇಮಕ ರಾಣಿಯ ಕೈಲಿತ್ತು, ಈಗ ಕೆಳಮನೆಯದು. ನಮ್ಮ ರಾಜ್ಯಪಾಲರ ಪಾತ್ರ ಅಲ್ಲಿ ಯಾರಿಗೂ ಇಲ್ಲ.

ಇನ್‌ಫಾರ್ಮಾಟೂರ್‌ಗೆ ಒಂದೂವರೆ ತಾಸು ಕೊಡಿ. ಆಟದ ಜೀವ ಇಲ್ಲೇ ಇರುವುದು. ಮಂತ್ರಿಗಿರಿಯ ಆಸೆ ಇಲ್ಲದ ಹಿರಿಯರನ್ನೇ ಕೂರಿಸಿ. ಇವರು ಸುಲಭದ ವಿಷಯದಿಂದ ಶುರುಮಾಡಿ, ಒಪ್ಪಿದ್ದನ್ನು ಆಗಲೇ ಬರೆದು ಓದಿ ಹೇಳಬೇಕು. ಬಾಯಿಮಾತಿನಲ್ಲಿ ಬಿಟ್ಟದ್ದು ಹತ್ತು ನಿಮಿಷದಲ್ಲಿ ಮತ್ತೆ ಎದ್ದು ಕೂರುತ್ತದೆ. ಖಾತೆಯ ಹೆಸರು ಯಾರಾದರೂ ಎತ್ತಿದರೆ ಗಂಟೆ ಬಾರಿಸಿ (ನಮ್ಮವರು ಐದನೇ ನಿಮಿಷಕ್ಕೇ ಎತ್ತುತ್ತಾರೆ). ಮಾತು ಕಟ್ಟಿಹೋದರೆ ಮುಖ ಬದಲಿಸಬೇಕು: ಮಧ್ಯಸ್ಥ ಸದನಕ್ಕೆ ವರದಿ ಕೊಟ್ಟು ಇಳಿಯಲಿ, ಸ್ಪೀಕರ್ ಹೊಸಬರನ್ನು ಕರೆಯಲಿ. 2017ರಲ್ಲಿ ವಲಸೆಯ ವಿಷಯಕ್ಕೆ ಹಸಿರು ಎಡಪಕ್ಷದೊಂದಿಗೆ ವಿವಿಡಿ, ಸಿಡಿಎ, ಡಿ66 ನಡೆಸಿದ ಮಾತುಕತೆ ಎರಡು ಸಲ ಮುರಿಯಿತು. ಇನ್‌ಫಾರ್ಮಾಟೂರ್ ಎಡಿತ್ ಸ್ಖಿಪ್ಪರ್ಸ್ ನಂತರ ಚೆಂಕ್ ವಿಲ್ಲಿಂಕ್, ಅವರ ನಂತರ ಜ಼ಾಲ್ಮ್ ಬಂದು, ಆ ಜಾಗಕ್ಕೆ ಕ್ರಿಶ್ಚಿಯನ್ ಯೂನಿಯನ್ ಸೇರಿ, ಸರಿಯಾಗಿ 76 ಆಯಿತು. ಹಿಡಿದದ್ದು 225 ದಿನ.

ಒಪ್ಪಂದ ಸದನದ ಮುಂದೆ ಬಂದಮೇಲೆ, ಅದಕ್ಕೊಂದು ಕಾಲು ತಾಸು ಕೊಟ್ಟು, ಕಡೆಯ ಅರ್ಧ ತಾಸನ್ನು ಫಾರ್ಮಾಟೂರ್‌ಗೆ ಬಿಡಿ. ಸಾಮಾನ್ಯವಾಗಿ ಮುಂದಿನ ಪ್ರಧಾನಿಯೇ ಆಗುವವರು ಇವರು. ಖಾತೆ ಹಂಚಿಕೆ, ಒಬ್ಬೊಬ್ಬ ಮಂತ್ರಿಯ ಜೊತೆ ಮಾತು, ಆಮೇಲೆ ಪ್ರಮಾಣವಚನ.

ಎರಡನೇ ಸಲ ಆಡುವಾಗ 75 ಸ್ಥಾನದ ಮೇಲ್ಮನೆಯನ್ನೂ ಸೇರಿಸಿ. 2012ರಲ್ಲಿ ವಿವಿಡಿ, ಪಿವಿಡಿಎ (ಕಾರ್ಮಿಕ ಪಕ್ಷ) ಕೂಡಿ ಕೆಳಮನೆಯಲ್ಲಿ 79 ಇದ್ದರೂ ಮೇಲ್ಮನೆಯಲ್ಲಿದ್ದದ್ದು ಬರೀ 30. ಮಸೂದೆಗೊಮ್ಮೆ ವಿರೋಧಪಕ್ಷದ ಬಾಗಿಲು ತಟ್ಟಬೇಕಾಯಿತು.