ಅರ್ಧ ಮೀಟರ್ ಚೌಕಟ್ಟಲ್ಲಿ ಪಾಠ: ಹೊರಗಿನ ಕ್ಲಾಸು ಕೊನೆಗೂ ಕೈ ಹಿಡೀತು (ನನ್ನ ಅನುಭವ)

"ಮಕ್ಕಳನ್ನ ಹೊರಗೆ ಕರ್ಕೊಂಡು ಹೋದ್ರೆ ಪೋರ್ಷನ್ ಮುಗಿಯಲ್ಲ, ಆಟ ಆಡ್ಕೊಂಡು ವಾಪಸ್ ಬರ್ತಾರೆ ಅಷ್ಟೇ" ಅನ್ನೋ ಮಾತನ್ನ ಸ್ಟಾಫ್ ರೂಮಲ್ಲಿ ವರ್ಷಗಟ್ಟಲೆ ಕೇಳಿದೀನಿ. ಈಗ ಹಾಗೆ ಹೇಳ್ತಿದ್ದವ್ರೇ ಬಂದು ನೆಲದ ಮೇಲಿಟ್ಟು ಗಿಡ ಹುಲ್ಲು ಎಣಿಸೋ ನನ್ನ ಚೌಕಟ್ಟುಗಳನ್ನ ಎರಡು ಪೀರಿಯಡ್ ಮಟ್ಟಿಗೆ ಕೊಡಿ ಅಂತ ಕೇಳ್ತಾ ಇದಾರೆ, ಅದಕ್ಕೇ ಬರೀತಾ ಇದೀನಿ.

ಮೊದಲು ಎಲ್ಲರ ಥರ ನಾವೂ ಬಸ್ ಮಾಡ್ಕೊಂಡು ದೂರ ಹೋಗ್ತಿದ್ವಿ. ವರ್ಷದ ಚಟುವಟಿಕೆ ದುಡ್ಡಲ್ಲಿ ಮುಕ್ಕಾಲು ಭಾಗ ಬಸ್ಸಿಗೇ ಹೋಗ್ತಿತ್ತು, ಉಳಿದಿದ್ದು ವರ್ಕ್‌ಶೀಟ್ ಪ್ರಿಂಟಿಗೆ. ಅಲ್ಲಿ ಏನಾಗ್ತಿತ್ತು ಅಂದ್ರೆ ಮುಂದೆ ಇರೋ ನಾಲ್ಕು ಮಕ್ಕಳು ವರ್ಕ್‌ಶೀಟ್ ತುಂಬೋದು, ಮಿಕ್ಕವ್ರು ವಾಪಸ್ ಬರೋವಾಗ ಬಸ್ಸಲ್ಲಿ ಕೂತು ಅದನ್ನ ಕಾಪಿ ಮಾಡೋದು. ಆಮೇಲೆ ಗಿಡ ಗುರುತಿಸೋ ಆಪ್ ಇಟ್ಟುಕೊಂಡೂ ನೋಡಿದ್ವಿ. ಹೆಸರು ಬಂದ ತಕ್ಷಣ ಗಿಡದ ಕಡೆ ನೋಡೋದೇ ನಿಂತೋಯ್ತು, ಎಲೆ ಎದುರುಬದುರಾಗಿದೆಯಾ ಒಂದಾದ ಮೇಲೊಂದಾ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಈಗ ನನ್ನ ಕ್ಲಾಸಲ್ಲಿ ಹೆಸರು ಕೊನೇಗೆ, ಅಲ್ಲಿವರೆಗೂ ಎ, ಬಿ, ಸಿ ಅಂತಲೇ ನಡೆಯುತ್ತೆ.

ಕೆಲಸ ಆಗಿದ್ದು ಜಾಗ ಚಿಕ್ಕದು ಮಾಡಿ ಅಲ್ಲಿಗೇ ಮತ್ತೆ ಮತ್ತೆ ಹೋದಾಗ. ಸ್ಕೂಲ್ ಕಾಂಪೌಂಡ್ ಒಳಗೇ ಎರಡು ತುಂಡು ನೆಲ ಸಾಕು, ಒಂದು ಎಲ್ಲರೂ ತುಳಿದು ಓಡಾಡೋ ದಾರಿ ಪಕ್ಕದ್ದು, ಇನ್ನೊಂದು ಯಾರೂ ಕಾಲಿಡದ ಬೇಲಿ ಪಕ್ಕದ್ದು. ಅರ್ಧ ಮೀಟರ್ ಚೌಕಟ್ಟು, ಅದಕ್ಕೆ ಐದೈದು ಸೆಂಟಿಮೀಟರಿಗೆ ದಾರ, ಒಟ್ಟು ನೂರು ಮನೆ. ನೂರು ಯಾಕೆ ಅಂದ್ರೆ, ಹುಲ್ಲು ಇರೋ ಮನೆ ಎಣಿಸಿದ್ರೆ ಅದೇ ಶೇಕಡಾ. ಬುಡ ಎಣಿಸೋಕೆ ಹೋಗ್ಬೇಡಿ, ಹಬ್ಬಿರೋ ಹುಲ್ಲಲ್ಲಿ ಒಂದು ಗಿಡ ಎಲ್ಲಿ ಮುಗೀತು ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಹೇಳೋಕಾಗಲ್ಲ, ಒಂದೇ ಚೌಕಟ್ಟಿಗೆ ಒಂದು ಗುಂಪು ಹನ್ನೆರಡು ಅಂದ್ರೆ ಇನ್ನೊಂದು ಗುಂಪು ನಲವತ್ತು ಅನ್ನುತ್ತೆ.

ಚೌಕಟ್ಟನ್ನ ಕಣ್ಣುಮುಚ್ಚಿ ಎಸೆಯೋ ಪದ್ಧತಿನೂ ಬಿಟ್ಟೆ. ಕಣ್ಣು ಮುಚ್ಚಿದ್ರೂ ಮಕ್ಕಳು ಹಸಿರಿರೋ ಕಡೆಗೇ ಎಸೀತಾರೆ. ಎರಡು ಅಳತೆ ಟೇಪನ್ನ ನೆಲದ ಮೇಲೆ ಒಂದಕ್ಕೊಂದು ಲಂಬವಾಗಿ ಹಾಸಿ, ಚೀಟಿ ಎತ್ತಿ, ಬಂದ ಎರಡು ನಂಬರಿಗೆ ಹೋಗಿ ಇಡ್ಬೇಕು. ಇದಕ್ಕೆ ಐದು ನಿಮಿಷ ಜಾಸ್ತಿ ಹಿಡಿಯುತ್ತೆ, ಆದ್ರೆ ಸ್ಯಾಂಪ್ಲಿಂಗ್ (ಕೆಲವು ಕಡೆ ಮಾತ್ರ ಅಳೆದು ಇಡೀ ಜಾಗದ ಅಂದಾಜು ಮಾಡೋದು) ಅನ್ನೋದನ್ನ ಮತ್ತೆ ಬೋರ್ಡ್ ಮೇಲೆ ವಿವರಿಸೋ ಕೆಲಸ ಪೂರ್ತಿ ತಪ್ಪುತ್ತೆ.

ಒಂದ್ಸಲ ಚೌಕಟ್ಟಿನ ಗೆರೆ ಮೇಲೇ ಒಂದು ಗಿಡ ನಿಂತಿತ್ತು. ಒಬ್ಬಳು ಒಳಗಿದೆ ಅಂತಾಳೆ, ಪಕ್ಕದ ಹುಡುಗ ಬೇರು ಹೊರಗಿದೆ ಅಂತಾನೆ, ಇಬ್ಬರೂ ನೆಲಕ್ಕೆ ಮುಖ ಇಟ್ಟು ಬುಡ ಹುಡುಕ್ತಾ ಇದಾರೆ. ನಾನು ಬಾಯಿ ಬಿಡ್ಲಿಲ್ಲ. ಕೊನೇಗೆ ಅವರೇ "ಎಡಗಡೆ ಮತ್ತು ಕೆಳಗಿನ ಗೆರೆ ಮೇಲಿರೋದು ಲೆಕ್ಕಕ್ಕೆ, ಮಿಕ್ಕೆರಡು ಗೆರೆದು ಬೇಡ" ಅಂತ ತೀರ್ಮಾನ ಮಾಡಿದ್ರು. ಫೀಲ್ಡಲ್ಲಿ ಕೆಲಸ ಮಾಡೋವ್ರು ಇದೇ ನಿಯಮ ಇಟ್ಕೊಂಡಿರೋದು! ನಾನು ಬೋರ್ಡ್ ಮೇಲೆ ಬರೆದಿದ್ರೆ ಒಬ್ಬರಿಗೂ ನೆನಪಿರ್ತಿರಲಿಲ್ಲ.

ಅಳೆಯೋಕೆ ಮುಂಚೆ ಊಹೆ ಬರೆದಿರ್ಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ದಾರಿ ಪಕ್ಕ ಎಷ್ಟು ಹುಲ್ಲಿರಬಹುದು ಅಂದ್ರೆ ಅರ್ಧಕ್ಕರ್ಧ ಅಂತ ಬರೀತಾರೆ, ಸಿಗೋದು ಹದಿನೈದು ಇಪ್ಪತ್ತು ಪರ್ಸೆಂಟ್, ಬೇಲಿ ಹತ್ರ ಎಂಬತ್ತರ ಆಸುಪಾಸು. ಆಗ ಯಾಕೆ ಅನ್ನೋ ಪ್ರಶ್ನೆ ಅವರ ಕಡೆಯಿಂದಲೇ ಬರುತ್ತೆ. ಅದಕ್ಕೆ ಉತ್ತರ ಹುಡುಕೋಕೆ ಎರಡೂ ಕಡೆ ತೆರೆದ ಹಳೇ ಡಬ್ಬ ನೆಲಕ್ಕೆ ಸ್ವಲ್ಪ ಒತ್ತಿ, ಒಂದೇ ಅಳತೆ ನೀರು ಸುರಿದು, ಇಂಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡ್ತೀವಿ. ಬೇಲಿ ಹತ್ರ ಒಂದೆರಡು ನಿಮಿಷದಲ್ಲಿ ಖಾಲಿ, ದಾರೀಲಿ ಕಾಲು ಗಂಟೆ ಆದ್ರೂ ನೀರು ಹಂಗೇ ನಿಂತಿರುತ್ತೆ. ತುಳಿದ ಮಣ್ಣಲ್ಲಿ ಗಾಳಿ ನೀರು ಹೋಗೋ ಸಂದು ಮುಚ್ಚಿಹೋಗುತ್ತೆ ಅನ್ನೋದನ್ನ ನಾನು ಹೇಳೋ ಪ್ರಸಂಗವೇ ಬರಲ್ಲ.

ನಾಲ್ಕು ಜನದ ಗುಂಪು, ಪ್ರತಿ ಸಲ ಕೆಲಸ ಬದಲು. ಯಾರನ್ನ ಯಾರ ಜೊತೆ ಹಾಕ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ತುಂಬಾ ತಲೆ ಕೆಡಿಸ್ಕೊಂಡು ಕಂಡುಕೊಂಡಿದ್ದು ಅದು. ಮೊದಲ ದಿನ ಕೇಳೋ ಪ್ರಶ್ನೆನೂ ಹೇಳಲ್ಲ, ಗೊತ್ತಾಗಿಬಿಟ್ರೆ ಅದು ಕೆಲಸ ಮಾಡಲ್ಲ.

ಮಧ್ಯದಲ್ಲಿ ಮರದ ಎತ್ತರಕ್ಕೂ ಕೈ ಹಾಕಿದ್ವಿ. ಕೋನಮಾಪಕ, ಸ್ಟ್ರಾ, ದಾರ, ಕಲ್ಲು ಅಷ್ಟೇ, ಸ್ಟ್ರಾದಲ್ಲಿ ಮರದ ತುದಿ ನೋಡ್ತಾ 45 ಡಿಗ್ರಿ ಬರೋವರೆಗೂ ಹಿಂದಕ್ಕೆ ಸರಿ, ಮರದವರೆಗಿನ ದೂರಕ್ಕೆ ನಿನ್ನ ಕಣ್ಣಿನ ಎತ್ತರ ಕೂಡಿಸು. ಒಂದೇ ಮರಕ್ಕೆ ಒಂಬತ್ತು ಮೀಟರಿಂದ ಹದಿಮೂರರವರೆಗೂ ಉತ್ತರ ಬಂತು. ಹೆಡ್ ಮುಖ ಗಂಟು ಹಾಕಿದ್ರು, ನನಗೆ ಮಾತ್ರ ಅವತ್ತಿನಷ್ಟು ಒಳ್ಳೆ ಪಾಠ ಯಾವತ್ತೂ ಸಿಕ್ಕಿರಲಿಲ್ಲ. ಯಾರು ಹೆಜ್ಜೇಲಿ ಅಳೆದ್ರು, ಯಾರು ಕಣ್ಣಿನ ಎತ್ತರ ಬಿಟ್ರು, ಯಾರ ಕಡೆ ನೆಲ ಇಳಿಜಾರಿತ್ತು ಅಂತ ಮಕ್ಕಳೇ ಪತ್ತೆ ಹಚ್ಚಿದ್ರು, ಸರಾಸರಿ, ವ್ಯಾಪ್ತಿ ಎಲ್ಲಾ ಅಲ್ಲೇ ಮುಗೀತು.

ನೆರಳಿನ ಪ್ರಯೋಗ ಬೇರೆ ಕಥೆ. ಹಳೇ ಕಾಲದ ಗ್ರೀಕ್ ವಿದ್ವಾಂಸ ಎರಟೋಸ್ಥೆನೀಸ್ ಎರಡು ಊರಿನ ನೆರಳಿನ ಕೋನದ ವ್ಯತ್ಯಾಸ 7.2 ಡಿಗ್ರಿ, ಅಂದ್ರೆ ವೃತ್ತದ ಐವತ್ತನೇ ಒಂದು ಭಾಗ ಇಟ್ಕೊಂಡು ಭೂಮಿ ಸುತ್ತಳತೆ ತೆಗೆದ ಹಾಗೆ ನಾವೂ ತೆಗೆಯೋಣ ಅಂತ, ನೇರ ಉತ್ತರಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ದೂರದ ಸ್ಕೂಲಲ್ಲಿರೋ ಸ್ನೇಹಿತರ ಜೊತೆ ಒಂದೇ ದಿನ ಕೋಲು ನೆಟ್ವಿ. ಅಷ್ಟು ದೂರಕ್ಕೆ ಕೋನದ ವ್ಯತ್ಯಾಸ ಬರೋದೇ ಒಂದು ಡಿಗ್ರಿ, ಸೂರ್ಯನ ಬಿಂಬದ ಅಗಲವೇ ಅರ್ಧ ಡಿಗ್ರಿ, ಹಾಗಾಗಿ ನೆರಳಿನ ತುದಿ ಮಸುಕು ಮಸುಕು. ಕೋಲು ಉದ್ದ ಮಾಡಿದ್ರೆ ಮಸುಕೂ ಅಷ್ಟೇ ಉದ್ದ ಆಗುತ್ತೆ. ನಮ್ಮ ಉತ್ತರ ಸುಮಾರು ಕಾಲು ಭಾಗ ಆಚೀಚೆ ಬಂತು. ಆಮೇಲೆ ಕೋಲಿನ ತುದಿಗೆ ಸಣ್ಣ ತೂತಿರೋ ರಟ್ಟು ಸಿಕ್ಕಿಸಿದ್ವಿ, ನೆಲದ ಮೇಲೆ ದುಂಡಗೆ ಬೆಳಕು ಬೀಳುತ್ತೆ, ಅದರ ನಡುವಿಗೆ ಗುರುತು ಹಾಕಿದ್ರೆ ಲೆಕ್ಕ ತುಂಬಾ ಸುಧಾರಿಸುತ್ತೆ. ಅತಿ ಗಿಡ್ಡ ನೆರಳು ಗಡಿಯಾರದ 12ಕ್ಕೇ ಬರಲ್ಲ ಅನ್ನೋದು ಮಕ್ಕಳಿಗೆ ದೊಡ್ಡ ಸುದ್ದಿ. ಊರು ಎಷ್ಟು ಪೂರ್ವಕ್ಕೆ, ಪಶ್ಚಿಮಕ್ಕೆ ಇದೆ ಅನ್ನೋದರ ಮೇಲೆ ಆ ಹೊತ್ತು ಬದಲಾಗುತ್ತೆ, ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ ಅನ್ನೋ ಲೆಕ್ಕ ಆಮೇಲೆ ಯಾರೂ ಮರೆತಿಲ್ಲ.

ಪೋರ್ಷನ್ ವಿಷಯಕ್ಕೆ ಬಂದ್ರೆ, ನಂದು ಈಗ ಬೇರೆ ಸೆಕ್ಷನ್‌ಗಳಿಗಿಂತ ವಾರ ಹತ್ತು ದಿನ ಮುಂಚೆನೇ ಮುಗೀತಿದೆ, ಅಂಕಿಅಂಶ, ಮಣ್ಣು, ಪರಿಸರ, ಕೋನ ಎಲ್ಲಾ ಒಟ್ಟೊಟ್ಟಿಗೆ ಸಾಗೋದ್ರಿಂದ. ಉತ್ತರಪತ್ರಿಕೇಲಿ "ನಮ್ಮ ಚೌಕಟ್ಟಲ್ಲಿ ಹೀಗಿತ್ತು" ಅಂತ ಸ್ವಂತ ಮಾತಲ್ಲಿ ಬರೀತಾರೆ, ಅದನ್ನ ಓದೋವಾಗ ಆಗೋ ಖುಷಿನೇ ಬೇರೆ.

ದುಡ್ಡು ಈಗ ಬಸ್ಸಿಗೆ ಹೋಗ್ತಿದ್ದದ್ರಲ್ಲಿ ಹತ್ತನೇ ಒಂದು ಪಾಲೂ ಆಗಲ್ಲ. ಚೌಕಟ್ಟು, ಡಬ್ಬ, ಬರೆಯೋ ರಟ್ಟು ಎಲ್ಲಾ ಹಳೇ ಸಾಮಾನು, ಪೆನ್ ಬದಲು ಪೆನ್ಸಿಲ್, ಹನಿ ಬಿದ್ರೂ ಬರೆದಿದ್ದು ಹರಡಲ್ಲ. ಎರಡಕ್ಕೆ ಮಾತ್ರ ಕೈ ಬಿಗಿ ಹಿಡೀಬೇಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್ ಗುಂಪಿಗೊಂದು, ಆಮೇಲೆ ಟೇಪು. ಬಟ್ಟೆ ಟೇಪು ಒಂದು ವರ್ಷ ಎಳೆದಾಡಿದ್ರೆ ಹಿಗ್ಗುತ್ತೆ, ಮೂವತ್ತು ಮೀಟರ್ ಫೈಬರ್‌ದು ತಗೊಳ್ಳಿ, ಪ್ರತಿ ಸಲ ಮಣ್ಣು ಒರೆಸೇ ಸುತ್ತಿಡಿ.