ಮಹಾಸಭೆ ಸಂತೆಯಾಗದಂತೆ ನಡೆಸುವುದು ಹೇಗೆ?

ನಾನು ಒಂದು ಸಾಹಿತ್ಯ ಸಂಘದ ಕಾರ್ಯದರ್ಶಿಯಾಗಿದ್ದ ವರ್ಷ ಕಟ್ಟಡದ ತಾರಸಿ ಸೋರುತ್ತಿತ್ತು. ಆ ವಿಷಯವನ್ನು ವಾರ್ಷಿಕ ಮಹಾಸಭೆಯ ಮುಂದಿಟ್ಟು ಎರಡು ಗಂಟೆಗೂ ಹೆಚ್ಚು ಹೊತ್ತು ಚರ್ಚಿಸಿದ ಮೇಲೂ, ಏನು ತೀರ್ಮಾನವಾಯಿತೆಂದು ನಡಾವಳಿ ಪುಸ್ತಕದಲ್ಲಿ ಬರೆಯಲು ನನಗೆ ಒಂದು ಸಾಲು ಸಿಗಲಿಲ್ಲ. ಮಾತನಾಡಿದವರೆಲ್ಲರೂ ದುರಸ್ತಿ ಆಗಲೇಬೇಕೆಂದಿದ್ದರು. ಆದರೆ ಯಾರೊಬ್ಬರೂ ಗೊತ್ತುವಳಿ (ಸಭೆ ಇಂಥದ್ದನ್ನು ತೀರ್ಮಾನಿಸಲಿ ಎಂಬ ಸ್ಪಷ್ಟ ಪ್ರಸ್ತಾವ) ಮಂಡಿಸಿರಲಿಲ್ಲ, ಕೇಳಬೇಕೆಂದು ಅಧ್ಯಕ್ಷರಿಗಾಗಲಿ ನನಗಾಗಲಿ ಹೊಳೆದಿರಲಿಲ್ಲ. ಆ ಮಳೆಗಾಲವೂ ತಾರಸಿ ಸೋರಿತು. ಸಭಾ ನಿಯಮಗಳೆಂದರೆ ವಿಧಾನಸೌಧದಲ್ಲಿರುವವರಿಗೆ ಮಾತ್ರ ಎಂದುಕೊಂಡಿದ್ದ ನಾನು ಅವನ್ನು ಕಲಿಯಲು ಹೊರಟಿದ್ದು ಆಮೇಲೆ.

ಮೊದಲು ತೆರೆದು ನೋಡಬೇಕಾದದ್ದು ಸಂಘದ ಬೈಲಾ, ಅಂದರೆ ಸಂಘದ ಸ್ವಂತ ನಿಯಮಾವಳಿ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿತವಾದ ಸಂಘವಾದರೆ ಸಭೆಯ ತಿಳಿವಳಿಕೆ ಪತ್ರವನ್ನು ಎಷ್ಟು ದಿನ ಮುಂಚೆ ಕಳುಹಿಸಬೇಕು, ಕೋರಂ (ಸಭೆ ನಡೆಯಲು ಹಾಜರಿರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ) ಎಷ್ಟು, ಯಾರಿಗೆ ಮತದ ಹಕ್ಕು ಎಂಬುದಕ್ಕೆ ಆ ಕಾಯ್ದೆ ಮತ್ತು ಬೈಲಾಗಳೇ ಆಧಾರ. ಇವೆರಡೂ ಮೌನವಾಗಿರುವ ಕಡೆ ಮಾತ್ರ ರೂಢಿಯ ಸಭಾ ನಿಯಮಗಳ ನೆರವು ಪಡೆಯಬೇಕು. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ರಾಬರ್ಟ್ ಇಂತಹ ನಿಯಮಗಳನ್ನು 1876ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1863ರಲ್ಲಿ ಚರ್ಚೊಂದರ ಸಭೆಗೆ ಅಧ್ಯಕ್ಷತೆ ವಹಿಸಲು ಹೇಳಿದಾಗ ಅವರಿಗೂ ಸಭೆಯನ್ನು ಹಿಡಿತದಲ್ಲಿಡಲು ಬಂದಿರಲಿಲ್ಲವಂತೆ. ಪುಸ್ತಕ ಬರೆಯಲು ಆ ಮುಜುಗರವೇ ಪ್ರೇರಣೆ. ನನಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು.

ಎರಡನೆಯದು ಕಾರ್ಯಸೂಚಿ. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು, ವರದಿ, ಲೆಕ್ಕಪತ್ರ, ಮುಂದಿನ ಸಾಲಿನ ಆಯವ್ಯಯ, ಹೀಗೆ ಸಾಗುವ ಪಟ್ಟಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಪಡೆದು ಬರುವ ಇತರೆ ವಿಷಯಗಳು’ ಎಂಬ ಸಾಲೊಂದು ಇದ್ದೇ ಇರುತ್ತದೆ. ಹಣ ಖರ್ಚಾಗುವ, ಬೈಲಾ ಬದಲಾಗುವ ಅಥವಾ ಯಾರನ್ನಾದರೂ ಸದಸ್ಯತ್ವದಿಂದ ತೆಗೆಯುವ ವಿಷಯವನ್ನು ಈ ಸಾಲಿನ ಹಿಂದೆ ಅಡಗಿಸಿ ತರುವುದು ಸರಿಯಲ್ಲ, ಏಕೆಂದರೆ ಅದು ಮೊದಲೇ ಗೊತ್ತಿದ್ದರೆ ಸಭೆಗೆ ಬರುತ್ತಿದ್ದ ಸದಸ್ಯರು ಮನೆಯಲ್ಲೇ ಉಳಿದಿರುತ್ತಾರೆ.

ಸಭೆಯ ದಿನ ಅಧ್ಯಕ್ಷರು ಮೊದಲು ಕೋರಂ ಇದೆಯೇ ಎಂದು ನೋಡಬೇಕು. ಎಣಿಸಬೇಕಾದದ್ದು ಒಳಗೆ ಕುಳಿತಿರುವ ತಲೆಗಳನ್ನು. ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಿ, ಉಪ್ಪಿಟ್ಟು ಕೇಸರಿಬಾತು ಮುಗಿಸಿ ಮನೆಗೆ ಹೋದವರ ಸಹಿಗಳನ್ನಲ್ಲ. ನಮ್ಮ ವಿಧಾನಸಭೆಗೂ ಈ ಅಳತೆ ಇದೆ: ಸಂವಿಧಾನದ 189ನೇ ವಿಧಿಯಂತೆ ಹತ್ತು ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. 224 ಸದಸ್ಯರ ಸಭೆಯಲ್ಲಿ ಅದು 23 ಆಗುತ್ತದೆ. ‘ಕೋರಂ ಇಲ್ಲದಿದ್ದಲ್ಲಿ ಅರ್ಧ ಗಂಟೆಯ ನಂತರ ಅದೇ ಸ್ಥಳದಲ್ಲಿ ಸಭೆ ಸೇರುವುದು, ಆ ಸಭೆಗೆ ಕೋರಂ ಅಗತ್ಯವಿಲ್ಲ’ ಎಂದು ಅನೇಕ ಸಂಘಗಳು ತಿಳಿವಳಿಕೆ ಪತ್ರದಲ್ಲೇ ಮುದ್ರಿಸುತ್ತವೆ. ಬೈಲಾದಲ್ಲಿ ಹಾಗೆ ಇದ್ದರೆ ಮಾತ್ರ ಈ ಸಾಲಿಗೆ ಬೆಲೆ ಇದೆ.

ಇನ್ನು ಗೊತ್ತುವಳಿ. ಇದನ್ನು ಠರಾವು ಎಂದೂ ಕರೆಯುತ್ತಾರೆ. ಚರ್ಚೆ ಮಾಡಿ ಕೊನೆಗೆ ಗೊತ್ತುವಳಿ ಬರೆಯುವುದು ನಮ್ಮಲ್ಲಿ ಬೇರೂರಿರುವ ಅಭ್ಯಾಸ. ಆಗಬೇಕಾದದ್ದು ಇದರ ತಿರುವುಮುರುವು. ಮೊದಲು ಸದಸ್ಯರೊಬ್ಬರು ಎದ್ದು ನಿಂತು ಪೂರ್ಣ ವಾಕ್ಯವೊಂದನ್ನು ಮಂಡಿಸಬೇಕು. ನಮ್ಮ ತಾರಸಿಯ ವಿಷಯದಲ್ಲಿ ಅದು ಹೀಗಿರಬಹುದಿತ್ತು: ‘ಸಂಘದ ಕಟ್ಟಡದ ತಾರಸಿಯ ಮೇಲೆ ತಗಡಿನ ಶೀಟು ಹೊದಿಸಲು ಕಟ್ಟಡ ನಿಧಿಯಿಂದ 80,000 ರೂಪಾಯಿ ಮೀರದಂತೆ ವೆಚ್ಚ ಮಾಡಲು ಕಾರ್ಯಕಾರಿ ಸಮಿತಿಗೆ ಅಧಿಕಾರ ನೀಡತಕ್ಕದ್ದು.’ ಏನು ಕೆಲಸ, ಯಾವ ಹಣ, ಎಷ್ಟರವರೆಗೆ, ಯಾರು ಮಾಡುವವರು ಎಂಬ ನಾಲ್ಕೂ ಒಂದೇ ವಾಕ್ಯದಲ್ಲಿವೆ. ಮತ್ತೊಬ್ಬ ಸದಸ್ಯರು ‘ನಾನು ಅನುಮೋದಿಸುತ್ತೇನೆ’ ಎನ್ನಬೇಕು. ಅನುಮೋದಿಸಿದವರು ಅದನ್ನು ಒಪ್ಪಿದ್ದಾರೆಂದೇ ಅರ್ಥವಲ್ಲ, ಚರ್ಚೆಗೆ ಯೋಗ್ಯವೆಂದು ಹೇಳಿದ್ದಾರೆ ಅಷ್ಟೆ. ಅನುಮೋದಕರು ಸಿಗದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಸಿಕ್ಕರೆ ಅಧ್ಯಕ್ಷರು ಆ ವಾಕ್ಯವನ್ನು ಗಟ್ಟಿಯಾಗಿ ಓದಿ ಹೇಳಿ ಚರ್ಚೆಗೆ ಬಿಡಬೇಕು. ಹತ್ತು ಹನ್ನೆರಡು ಜನರ ಕಾರ್ಯಕಾರಿ ಸಮಿತಿಯಲ್ಲಿ ಇಷ್ಟು ಶಿಷ್ಟಾಚಾರ ಬೇಕಿಲ್ಲ. ಅಲ್ಲಿ ಅನುಮೋದಕರಿಲ್ಲದೆಯೂ ನಡೆಯುತ್ತದೆ.

ಚರ್ಚೆಯಲ್ಲಿ ಮಾತೆಲ್ಲ ಅಧ್ಯಕ್ಷರನ್ನು ಉದ್ದೇಶಿಸಿಯೇ ಇರಬೇಕು. ‘ಅಧ್ಯಕ್ಷರೇ, ಹಿಂದೆ ಮಾತನಾಡಿದ ಸದಸ್ಯರು ಹೇಳಿದಂತೆ’ ಎಂದು ಆರಂಭಿಸಿದವರಿಗೆ ‘ನೀನು ಯಾರಯ್ಯ ಕೇಳೋಕೆ’ ಎನ್ನುವುದು ಕಷ್ಟವಾಗುತ್ತದೆ. ಒಮ್ಮೆಯೂ ಮಾತನಾಡದವರು ಕೈ ಎತ್ತಿರುವಾಗ ಆಗಲೇ ಮಾತನಾಡಿದವರಿಗೆ ಎರಡನೆಯ ಅವಕಾಶ ಕೊಡಬಾರದು. ಹಿಂದಿನ ಸಾಲಿನ ಯುವಕರಿಗೂ ಹೆಣ್ಣುಮಕ್ಕಳಿಗೂ ಬಾಯಿ ಬಿಡಲು ಎಡೆ ಸಿಗುವುದು ಈ ನಿಯಮದಿಂದಲೇ ಎಂಬುದು ನನ್ನ ಅನುಭವ.

ಎಲ್ಲರೂ ತೊಡರಿ ಬೀಳುವುದು ತಿದ್ದುಪಡಿಯಲ್ಲಿ. ಒಬ್ಬರು ಎದ್ದು, ‘ತಗಡಿನ ಶೀಟು ಹೊದಿಸಲು’ ಎಂಬುದರ ಬದಲು ‘ವಾಟರ್‌ಪ್ರೂಫಿಂಗ್ ಮಾಡಿಸಲು’ ಎಂದಾಗಬೇಕು ಎನ್ನುತ್ತಾರೆ. ಅದು ತಿದ್ದುಪಡಿ; ಅದಕ್ಕೂ ಅನುಮೋದಕರು ಬೇಕು. ಈಗ ಚರ್ಚೆ ಶೀಟೋ ವಾಟರ್‌ಪ್ರೂಫಿಂಗೋ ಎಂಬುದರ ಮೇಲೆ ಮಾತ್ರ ನಡೆದು, ಮೊದಲು ತಿದ್ದುಪಡಿಯನ್ನೇ ಮತಕ್ಕೆ ಹಾಕಬೇಕು. ಅದು ಗೆದ್ದರೂ ತಾರಸಿಯ ಕೆಲಸ ಇನ್ನೂ ಮಂಜೂರಾಗಿಲ್ಲ. ಗೊತ್ತುವಳಿಯ ಪದಗಳು ಬದಲಾಗಿವೆ, ಅಷ್ಟೆ. ತಿದ್ದಿದ ಗೊತ್ತುವಳಿಯನ್ನು ಮತ್ತೆ ಓದಿ, ಎರಡನೆಯ ಸಲ ಮತ ಪಡೆಯಬೇಕು. ಚಪ್ಪಾಳೆಯ ಸದ್ದಿನಲ್ಲಿ ಈ ಎರಡನೆಯ ಮತ ಮರೆತುಹೋಗುವುದುಂಟು. ಇನ್ನೊಬ್ಬರು ‘ಮೊದಲು ಹಿಂದಿನ ಸಮಿತಿಯ ಲೆಕ್ಕ ತೋರಿಸಿ’ ಎಂದರೆ ಅದು ತಿದ್ದುಪಡಿಯಲ್ಲ, ಬೇರೆಯೇ ವಿಷಯ. ಅದನ್ನು ಲೆಕ್ಕಪತ್ರದ ಸರದಿ ಬಂದಾಗ ಕೇಳಿ ಎಂದು ಅಧ್ಯಕ್ಷರು ನಯವಾಗಿ ಕೂರಿಸಬೇಕು. ಅಧ್ಯಕ್ಷರೇ ದಾರಿ ತಪ್ಪಿದರೆ ಯಾವ ಸದಸ್ಯರಾದರೂ ಎದ್ದು ‘ಕ್ರಿಯಾಲೋಪ’ ಎನ್ನಬಹುದು. ಆಗ ಉಳಿದ ಮಾತೆಲ್ಲ ನಿಂತು, ಯಾವ ನಿಯಮ ಮುರಿದಿದೆ ಎಂಬುದನ್ನು ಕೇಳಿ ಅಧ್ಯಕ್ಷರು ರೂಲಿಂಗ್ ಕೊಡಬೇಕು. ಎದುರಾಳಿಯ ಮಾತು ರುಚಿಸಲಿಲ್ಲ ಎಂಬುದು ಕ್ರಿಯಾಲೋಪವಲ್ಲ.

ಮತಕ್ಕೆ ಹಾಕುವಾಗ ಪರವಾಗಿರುವವರನ್ನೂ ವಿರೋಧವಾಗಿರುವವರನ್ನೂ ಪ್ರತ್ಯೇಕವಾಗಿ ಕೇಳಬೇಕು. ‘ಎಲ್ಲರೂ ಒಪ್ಪಿದ್ದೀರಲ್ಲವೇ’ ಎಂದು ಮೇಜು ತಟ್ಟಿ ಸರ್ವಾನುಮತವೆಂದು ಬರೆಸುವುದು ಮುಂದಿನ ವರ್ಷದ ಜಗಳಕ್ಕೆ ಮುಂಗಡ. ಧ್ವನಿಮತದಲ್ಲಿ ಅನುಮಾನ ಬಂದರೆ ಕೈ ಎತ್ತಿಸಿ ಎಣಿಸಬೇಕು. ಪದಾಧಿಕಾರಿಗಳ ಚುನಾವಣೆಗೆ ಚೀಟಿಯೇ ಲೇಸು. ಮತಗಳು ಸಮನಾದರೆ ನಿರ್ಣಾಯಕ ಮತದ ಪ್ರಶ್ನೆ ಬರುತ್ತದೆ. ಲೋಕಸಭೆಯ ಸಭಾಧ್ಯಕ್ಷರು ಮೊದಲಿಗೆ ಮತ ಹಾಕುವುದಿಲ್ಲ, ಸಮಬಲವಾದಾಗ ಮಾತ್ರ ಹಾಕುತ್ತಾರೆ. ನಿಮ್ಮ ಅಧ್ಯಕ್ಷರಿಗೆ ಎಷ್ಟು ಮತ ಎಂಬುದನ್ನು ಬೈಲಾ ನೋಡಿ ಸಭೆಗೆ ಮುಂಚೆಯೇ ತಿಳಿದಿಟ್ಟುಕೊಳ್ಳಿ, 18-18 ಆದ ಮೇಲೆ ಹುಡುಕಲು ಕೂರಬೇಡಿ. ರಾಬರ್ಟ್ ಅವರ ನಿಯಮದಲ್ಲಿ ಸಮನಾಗಿಯೇ ಉಳಿದ ಗೊತ್ತುವಳಿ ಬಿದ್ದುಹೋಗುತ್ತದೆ.

ಕೊನೆಯದು ನಡಾವಳಿ. ಯಾರು ಎಷ್ಟು ಚೆನ್ನಾಗಿ ಮಾತನಾಡಿದರು ಎಂಬುದು ಅದರಲ್ಲಿ ಬೇಡ. ಗೊತ್ತುವಳಿಯ ಪೂರ್ಣ ಪಾಠ, ಸೂಚಕರ ಮತ್ತು ಅನುಮೋದಕರ ಹೆಸರು, ತಿದ್ದುಪಡಿ, ಪರ ಮತ್ತು ವಿರೋಧದ ಮತಗಳ ಸಂಖ್ಯೆ ಇದ್ದರೆ ಸಾಕು. ಸಭೆ ನಡೆಯುತ್ತಿರುವಾಗಲೇ ಬರೆದುಕೊಳ್ಳಬೇಕು, ಸಾಲುಗಳ ನಡುವೆ ಖಾಲಿ ಜಾಗ ಬಿಡಬಾರದು. ಮುಂದಿನ ಸಭೆಯಲ್ಲಿ ಅದನ್ನು ಓದಿದಾಗ ಬರವಣಿಗೆಯ ತಪ್ಪನ್ನು ಮಾತ್ರ ತಿದ್ದಬಹುದು. ತಾರಸಿಗೆ ವಾಟರ್‌ಪ್ರೂಫಿಂಗ್ ಬೇಡವಾಗಿತ್ತು ಎಂದು ಆಗ ಯಾರಿಗಾದರೂ ಅನ್ನಿಸಿದರೆ ಅವರು ಹೊಸದೊಂದು ಗೊತ್ತುವಳಿಯನ್ನೇ ತರಬೇಕು, ಅದಕ್ಕೊಬ್ಬ ಅನುಮೋದಕರನ್ನೂ ಹುಡುಕಬೇಕು.